ಟ್ಯಾಂಕ್ ಎಂಬ ಸಣ್ಣ ಮಾತು

ಆಂಗ್ಲಭಾಷೆಯ ಸಣ್ಣ ಮಾತುಗಳೇ ಬಾಲಿಕೆಯರನ್ನು ಹೆಚ್ಚಾಗಿ ತೊಡಕಿಗೆ ಸಿಕ್ಕಿಸುವುವೆಂಬುದನ್ನು ಬಹುಕಾಲದಿಂದ ಬೋಧಿಸುತ್ತಿರುವ ನಾವು ಬಲ್ಲೆವು. ಅಂತಹ ಒಂದು ಮಾತು ‘ಟ್ಯಾಂಕ್.’

ಕಟ್ಟೆಮಳಲವಾಡಿಯ ಕಡೆಯಿಂದ ಬರುವ ಬಾಲಿಕೆಯೊಬ್ಬಳು ತನ್ನ ಆಂಗ್ಲ ಪ್ರಬಂಧದಲ್ಲಿ, ತಮ್ಮೂರಿನ ಟ್ಯಾಂಕಿನಲ್ಲಿ ದನಕರುಗಳು ನೀರು ಕುಡಿಯುವುವೆಂದೂ ಅದರ ಏರಿಯ ಮೇಲೆ ಬಂಡಿಗಳು ಹೋಗುವುವೆಂದೂ ಬರೆದಿದ್ದಳು. ತರಗತಿಯಲ್ಲಿ ಓದಿದಾಗ ಪಟ್ಟಣದ ಹುಡುಗಿಯರು ನಕ್ಕರು. ಟ್ಯಾಂಕ್ ಇರುವುದು ಮಾಳಿಗೆಯ ಮೇಲಲ್ಲವೆ ಎಂಬುದು ಅವರ ವಾದ. ಬಾಲಿಕೆಯು ತಲೆ ತಗ್ಗಿಸಿ ಆ ಮಾತನ್ನು ಹೊಡೆದುಹಾಕಲು ಹೊರಟಳು. ನಾವು ಅವಳನ್ನು ತಡೆದು ನಿಘಂಟುಗಳನ್ನು ತರಿಸಿದೆವು.

ಯೂಲ್ ಮತ್ತು ಬರ್ನೆಲ್ ಎಂಬ ವಿದ್ವಾಂಸರು 1886ರಲ್ಲಿ ಪ್ರಕಟಿಸಿದ ‘ಹಾಬ್ಸನ್-ಜಾಬ್ಸನ್’ ಕೋಶವು ಭಾರತದಲ್ಲಿ ಆಂಗ್ಲರ ಬಾಯಲ್ಲಿ ಬಳಕೆಗೆ ಬಂದ ಮಾತುಗಳ ಭಂಡಾರ. ಅದರಲ್ಲಿ ಈ ಮಾತಿಗೂ ಸ್ಥಾನವುಂಟು. ಗುಜರಾತಿ, ಮರಾಠಿಗಳಲ್ಲಿ ನೀರಿನ ತೊಟ್ಟಿಗೆ ಟಾಂಕಿ, ಟಾಂಕೆ ಎನ್ನುವರು. ಪೋರ್ಚುಗೀಸರಲ್ಲಿಯೂ ಕೊಳಕ್ಕೆ ಇಂತಹುದೇ ಮಾತುಂಟು. ಅದು ಹರಿವ ನೀರನ್ನು ತಡೆಯುವುದೆಂಬ ಭಾವದಿಂದ ಹುಟ್ಟಿದುದು. ಇವೆರಡೂ ಕೂಡಿ ಆಂಗ್ಲರ ಮಾತಾಯಿತೆಂದು ಪಂಡಿತರು ಊಹಿಸುವರು. ಮೈಸೂರು ಸಂಸ್ಥಾನದ ಆಂಗ್ಲ ಕಾಗದಪತ್ರಗಳಲ್ಲಿ ಕೆರೆಗಳೆಲ್ಲವೂ ಟ್ಯಾಂಕುಗಳೇ. ಬೆಂಗಳೂರಿನಲ್ಲಿ 1882ರಲ್ಲಿ ಕಟ್ಟಿದ ಸ್ಯಾಂಕಿ ಕೆರೆಗೆ ಇಂದಿಗೂ ಅದೇ ಹೆಸರು. ಆದುದರಿಂದ ಮಾಳಿಗೆಯ ಟ್ಯಾಂಕಿಗಿಂತ ಊರಿನ ಕೆರೆಯೇ ಆ ಮಾತಿನ ಹಿರಿಯ ಅರ್ಥ.

ಯುದ್ಧದ ಟ್ಯಾಂಕಿನ ಕಥೆಯೂ ವಿಚಿತ್ರವಾದುದು. 1915ರಲ್ಲಿ ಇಂಗ್ಲೆಂಡಿನಲ್ಲಿ ಆ ಉಕ್ಕಿನ ರಥವನ್ನು ಗುಟ್ಟಾಗಿ ನಿರ್ಮಿಸುವಾಗ, ಅದು ನೀರಿನ ತೊಟ್ಟಿಯೆಂದು ಜನರನ್ನು ನಂಬಿಸಲು ಈ ಹೆಸರಿಟ್ಟರು. 1916ನೆಯ ಸೆಪ್ಟೆಂಬರ್ 15ರಂದು ಫ್ರಾನ್ಸಿನ ಸೋಮ್ ರಣಭೂಮಿಯಲ್ಲಿ ಅದು ಮೊದಲು ಕಾಣಿಸಿಕೊಂಡಿತು. ಜೀವಜಲವನ್ನು ಹಿಡಿದಿಡುವ ಮಾತು ಹೀಗೆ ಜೀವ ತೆಗೆಯುವ ಯಂತ್ರಕ್ಕೂ ಅಂಟಿಕೊಂಡಿತು.

ಆ ಬಾಲಿಕೆಗೆ ಮತ್ತೊಂದನ್ನೂ ಹೇಳಿದೆವು. ಅವಳ ಕಡೆಯಲ್ಲಿ ಲಕ್ಷ್ಮಣತೀರ್ಥಕ್ಕೆ ಅಡ್ಡಲಾಗಿರುವ ಅಣೆಕಟ್ಟನ್ನು ಆಂಗ್ಲರು ‘ಅನಿಕಟ್’ ಎಂದು ಬರೆಯುವರು. ಅದು ತಮಿಳಿನ ಅಣೈಕಟ್ಟು, ನಮ್ಮ ಅಣೆಕಟ್ಟಿನ ಒಡಹುಟ್ಟು. ನಮ್ಮಿಂದಲೇ ಕಡ ಕೊಂಡ ಮಾತನ್ನು ನಾವು ಅಂಜುತ್ತಾ ಉಚ್ಚರಿಸಬೇಕಾಗಿಲ್ಲ.

ಬೆಂಗಳೂರಿನ ಧರ್ಮಾಂಬುಧಿ ಕೆರೆಯಿದ್ದೆಡೆಯಲ್ಲಿ ಇಂದು ಬಸ್ ನಿಲ್ದಾಣವಿದೆ. ಸಮೀಪದ ರಸ್ತೆಗೆ ಮಾತ್ರ ಟ್ಯಾಂಕ್ ಬಂಡ್ ಎಂಬ ಹೆಸರು ಉಳಿದಿದೆ. ನೀರು ಹೋಗಿ ಹೆಸರು ಮಾತ್ರ ನಿಂತರೆ, ಮಾಳಿಗೆಯ ಟ್ಯಾಂಕನ್ನೇ ಬಲ್ಲ ಮಕ್ಕಳು ನಗುವುದು ಸಹಜವೇ ಸರಿ.

ಹಳೆಯ ವಿದ್ಯಾರ್ಥಿನಿಯರಲ್ಲಿಯೂ ಮಾತಾಪಿತೃಗಳಲ್ಲಿಯೂ ನಮ್ಮದೊಂದು ಅರಿಕೆ: ಮಕ್ಕಳಿಗೆ ಆ ಮಾತನ್ನು ಕಲಿಸುವ ದಿನ ದಯವಿಟ್ಟು ಒಂದು ಕೆರೆಯ ಏರಿಯ ಮೇಲೂ ಅವರನ್ನು ನಡೆಸಿರಿ.