ಪರದೇಶದ ತರಬೇತು ಮುಗಿದ ಮೇಲೆ

ಪರದೇಶಕ್ಕೆ ಹೋಗಿ ಬಂದವರು ಅಲ್ಲಿಯ ಕಟ್ಟಡಗಳನ್ನೂ ಸಲಕರಣೆಗಳನ್ನೂ ಬಣ್ಣಿಸುವುದು ವಾಡಿಕೆ. ಕೇಳುವವರಿಗೆ ಅದರಿಂದ ಕ್ಷಣಕಾಲ ಸಂತೋಷವುಂಟಾದರೂ, ಅವು ತಮ್ಮಲ್ಲಿಲ್ಲವಲ್ಲಾ ಎಂಬ ಕೊರಗೇ ಕೊನೆಗೆ ಉಳಿಯುತ್ತದೆ. ಆದುದರಿಂದ, ಫಿನ್ಲೆಂಡಿನ ನನ್ನ ಅನುಭವವನ್ನು ಈ ಸ್ಮರಣ ಸಂಚಿಕೆಗೆ ಬರೆದುಕೊಡಬೇಕೆಂದು ಸಂಪಾದಕಿಯರು ಕೇಳಿಕೊಂಡಾಗ, ಹಣವಿಲ್ಲದೆ ತರಬಹುದಾದುದನ್ನು ಕುರಿತು ಮಾತ್ರ ವಿಶೇಷವಾಗಿ ಬರೆಯುವೆನೆಂದು ಒಪ್ಪಿಕೊಂಡೆನು.

2023ನೆಯ ಇಸವಿಯ ಆಗಸ್ಟಿನಿಂದ ಡಿಸೆಂಬರಿನವರೆಗೆ ಆ ದೇಶದ ಯುವಾಸ್ಕುಲಾ ಪಟ್ಟಣದಲ್ಲಿ, ವಿಶ್ವವಿದ್ಯಾಲಯಕ್ಕೆ ಸೇರಿದ ಅಭ್ಯಾಸಶಾಲೆಯಲ್ಲಿ ನಾನು ಇಂಟರ್ನ್‌ಶಿಪ್ ಮಾಡಿದೆನು. ಎಂದರೆ, ಇತರರ ಪಾಠವನ್ನು ನೋಡುತ್ತಲೂ ತಾನು ಪಾಠ ಹೇಳುತ್ತಲೂ ಕಲಿಯುವ ತರಬೇತು. ಫಿನ್ನಿಷ್ ಭಾಷೆಯಲ್ಲಿ ಉಪಾಧ್ಯಾಯರನ್ನು ತಯಾರುಮಾಡುವ ಮೊದಲನೆಯ ವಿದ್ಯಾಲಯವು 1863ರಲ್ಲಿ ಊನೊ ಸಿಗ್ನೆಯುಸ್ ಎಂಬವರ ನೇತೃತ್ವದಲ್ಲಿ ಸ್ಥಾಪಿತವಾದುದು ಈ ಊರಿನಲ್ಲಿಯೇ. ಆರಂಭದಿಂದಲೇ ಸ್ತ್ರೀಯರಿಗೂ ಅಲ್ಲಿ ಪ್ರವೇಶವಿದ್ದಿತೆಂಬುದನ್ನು ನಮ್ಮ ಬಾಲಿಕೆಯರು ಗಮನಿಸತಕ್ಕದ್ದು. ಇಪ್ಪತ್ತು ವರ್ಷ ಪಾಠ ಹೇಳಿದ್ದ ನಾನು ನನ್ನ ಶಿಷ್ಯೆಯರ ಪ್ರಾಯದ ತರುಣ ತರುಣಿಯರ ನಡುವೆ ಪುನಃ ವಿದ್ಯಾರ್ಥಿನಿಯಾಗಿ ಕುಳಿತೆನು.

ಅಲ್ಲಿ ಮಕ್ಕಳು ಒಂದನೆಯ ತರಗತಿಗೆ ಸೇರುವುದು 7ನೆಯ ವಯಸ್ಸಿನಲ್ಲಿ. ಸಾಮಾನ್ಯವಾಗಿ 45 ನಿಮಿಷ ಪಾಠವಾದ ಮೇಲೆ 15 ನಿಮಿಷ ಬಿಡುವು. ಹಿಮ ಬಿದ್ದಿದ್ದರೂ ಮಕ್ಕಳು ಹೊರಗೆ ಹೋಗಿ ಆಡುತ್ತಾರೆ. ಗಂಡುಹುಡುಗರು ಹೊಲಿಗೆಯನ್ನೂ ಹೆಣ್ಣುಹುಡುಗಿಯರು ಮರಗೆಲಸವನ್ನೂ ಕಲಿಯುತ್ತಾರೆ. 1948ರಿಂದ ಶಾಲಾಮಕ್ಕಳೆಲ್ಲರಿಗೂ ಧರ್ಮಾರ್ಥವಾಗಿ ಮಧ್ಯಾಹ್ನದ ಬಿಸಿಯೂಟ ದೊರೆಯುತ್ತಿದೆ. ನಮ್ಮ ರಾಜ್ಯದಲ್ಲಿ 2002ರಲ್ಲಿ ಆರಂಭವಾದ ಅಕ್ಷರ ದಾಸೋಹವನ್ನು ಕಂಡಿರುವ ನನಗೆ, ಹಸಿದ ಮಗುವಿಗೆ ವಿದ್ಯೆ ಹತ್ತದೆಂಬ ಅರಿವು ಎಲ್ಲ ದೇಶಗಳಿಗೂ ಒಂದೇ ಎಂದು ತೋರಿತು.

ಆದರೆ ನನ್ನ ಮನಸ್ಸನ್ನು ಹೆಚ್ಚಾಗಿ ಸೆಳೆದುದು ಅಲ್ಲಿಯ ಮೌನ. ನನ್ನ ಮಾರ್ಗದರ್ಶಕಿಯಾದ ಉಪಾಧ್ಯಾಯಿನಿಯು ಒಂದು ಪ್ರಶ್ನೆ ಕೇಳಿ, ಕೈಕಟ್ಟಿ ಸುಮ್ಮನೆ ನಿಲ್ಲುತ್ತಿದ್ದರು. ಯಾರೂ ಅವಸರಪಡುತ್ತಿರಲಿಲ್ಲ, ಯಾರೂ ನಾಚುತ್ತಿರಲಿಲ್ಲ. ಮಕ್ಕಳು ಯೋಚಿಸುತ್ತಿದ್ದರು. ಬಳಿಕ ಮೂಲೆಯಲ್ಲಿದ್ದ ಮಗುವೂ ಮೆಲ್ಲನೆ ಉತ್ತರ ಕೊಡುತ್ತಿತ್ತು. ನಮ್ಮ ದೇಶದ ತರಗತಿಗಳಲ್ಲಾದರೋ ಪ್ರಶ್ನೆ ಮುಗಿಯುವುದಕ್ಕೆ ಮುಂಚೆಯೇ ಹತ್ತು ಕೈಗಳು ಮೇಲೇಳುತ್ತವೆ. ಆ ಹತ್ತು ಕೈಗಳ ಹಿಂದೆ ಐವತ್ತು ಮುಖಗಳು ಮರೆಯಾಗುತ್ತವೆ.

ಇನ್ನೊಂದು ಸಂಗತಿ. ನಮ್ಮ ತಂಡದಲ್ಲಿ ಪಾಠವು ಮುಗಿದೊಡನೆ ಎಲ್ಲರೂ ಸೇರಿ ಅದನ್ನು ವಿಮರ್ಶಿಸುತ್ತಿದ್ದೆವು. ಮೊದಲು ಮಾತನಾಡುವ ಹಕ್ಕು ಪಾಠ ಹೇಳಿದವರದು, ಅನಂತರ ಜೊತೆಗಾರರು, ಕಡೆಯಲ್ಲಿ ಮಾರ್ಗದರ್ಶಕಿ. ತನ್ನ ಪಾಠವನ್ನು ತಾನೇ ತೂಗಿ ನೋಡಿದವಳಿಗೆ ಇತರರ ಮಾತು ಚುಚ್ಚುವುದಿಲ್ಲ, ಕಲಿಸುತ್ತದೆ.

ಡಿಸೆಂಬರಿನಲ್ಲಿ ಆ ಊರಿನ ಹಗಲು ಸುಮಾರು ಐದೇ ಗಂಟೆಗಳಿಗೆ ಇಳಿಯುತ್ತದೆ. ಕತ್ತಲಲ್ಲಿ ನಡೆಯುವವರೆಲ್ಲ ಅಂಗಿಗೆ ಒಂದು ಸಣ್ಣ ಬಿಲ್ಲೆಯನ್ನು ತೂಗಹಾಕಿಕೊಳ್ಳುತ್ತಾರೆ. ಅದಕ್ಕೆ ಸ್ವಂತ ಬೆಳಕಿಲ್ಲ. ವಾಹನದ ದೀಪ ಬಿದ್ದಾಗ ಹೊಳೆದು, ಇಲ್ಲೊಬ್ಬರು ಇದ್ದಾರೆಂದು ತಿಳಿಸುತ್ತದೆ. ತರಬೇತು ಮುಗಿದ ದಿನ ಗೆಳತಿಯರು ಅಂತಹದೊಂದನ್ನು ನನಗೆ ಕೊಟ್ಟರು. ಪ್ರಮಾಣಪತ್ರವೂ ಕೈಸೇರಿತು. ಆದರೆ ಮುಗಿಯಿತೆಂಬ ಭಾವನೆ ಬರಲಿಲ್ಲ. ಪರೀಕ್ಷೆಯು ಊರಿನಲ್ಲಿ ಕಾದಿದೆಯೆಂದೇ ತೋರಿತು.

ಹಾಗೆಯೇ ಆಯಿತು. ಇಲ್ಲಿ ಒಂದೊಂದು ತರಗತಿಯಲ್ಲಿ ಅರುವತ್ತು ಬಾಲಿಕೆಯರು, ಮುಂದೆ ಎಸ್.ಎಸ್.ಎಲ್.ಸಿ. ಪರೀಕ್ಷೆ. "ಪಾಠ ಮುಗಿಸುವುದಕ್ಕೇ ಹೊತ್ತು ಸಾಲದು, ಸುಮ್ಮನೆ ನಿಲ್ಲುವುದೆಂತು ಮೇಡಂ?" ಎಂದು ನಮ್ಮ ಉಪಾಧ್ಯಾಯಿನಿಯರು ಕೇಳಿದುದು ನ್ಯಾಯವೇ. ಪ್ರತಿ ಪಾಠದಲ್ಲಿ ಒಂದೇ ಒಂದು ಪ್ರಶ್ನೆಗೆ, ಮನಸ್ಸಿನಲ್ಲಿ ಹತ್ತು ಎಣಿಸುವಷ್ಟು ಹೊತ್ತು ಕಾಯೋಣವೆಂದು ತೀರ್ಮಾನಿಸಿದೆವು.

ಆ ದಿನಗಳಲ್ಲಿ ಒಂಬತ್ತನೆಯ ತರಗತಿಯ ಒಬ್ಬ ಹುಡುಗಿಯನ್ನು ಶಾಲೆ ಬಿಡಿಸಲು ಅವಳ ತಾಯಿ ಬಂದರು. "ಟೀಚರಮ್ಮಾ, ಇವಳಿಗೆ ಓದು ತಲೆಗೆ ಹತ್ತುವುದಿಲ್ಲ. ಕೇಳಿದರೆ ಬಾಯಿಯನ್ನೇ ಬಿಡುವುದಿಲ್ಲವಂತೆ. ಮನೆಕೆಲಸವನ್ನಾದರೂ ಕಲಿಯಲಿ" ಎಂದರು. ನಾನು ಅವರನ್ನು ವಿಜ್ಞಾನದ ಪಾಠ ನಡೆಯುತ್ತಿದ್ದ ಕೊಠಡಿಯ ಬಾಗಿಲಿಗೆ ಕರೆದುಕೊಂಡು ಹೋದೆನು. ಪ್ರಶ್ನೆ ಬಂದಿತು, ಹತ್ತು ಎಣಿಸುವಷ್ಟು ಮೌನವಾಯಿತು. ಆ ಹುಡುಗಿಯೇ ಎದ್ದು, ತಡವರಿಸುತ್ತ, ಆದರೆ ಸರಿಯಾಗಿ, ಬೇರು ನೀರನ್ನು ಹೀರುವ ಬಗೆಯನ್ನು ಹೇಳಿದಳು. ತಾಯಿ ಸೆರಗಿನಿಂದ ಕಣ್ಣೊರಸಿಕೊಂಡು ಹಿಂದಿರುಗಿದರು. ವರ್ಗಾವಣೆ ಪತ್ರದ ಮಾತು ಮತ್ತೆ ಬರಲಿಲ್ಲ. ಅವಳು ಮುಂದೆ ಹತ್ತನೆಯ ತರಗತಿಗೆ ಬಂದಳು.

ಒಂದು ಉದಾಹರಣೆಯಿಂದ ದೊಡ್ಡ ಸಿದ್ಧಾಂತವನ್ನು ಕಟ್ಟುವುದು ಸಲ್ಲದು. ಕಾದರೆ ಎಲ್ಲರೂ ಉತ್ತರಿಸುವರೆಂದು ನಾನು ಹೇಳುವುದಿಲ್ಲ. ಕಾಯದಿದ್ದರೆ ಕೆಲವರು ಎಂದಿಗೂ ಉತ್ತರಿಸಲಾರರೆಂಬುದು ಮಾತ್ರ ನಿಶ್ಚಯ. ನಮ್ಮ ಬಾಲಿಕೆಯರಲ್ಲಿ ಅನೇಕರು ಮುಂದೆ ಅಧ್ಯಾಪಕಿಯರಾಗಿಯೋ ದಾದಿಯರಾಗಿಯೋ ದೂರದೇಶಗಳಿಗೆ ತರಬೇತಿಗೆ ಹೋಗಬಹುದು. ಹೋಗಿರಿ, ಚೆನ್ನಾಗಿ ಕಲಿಯಿರಿ. ಹಿಂದಿರುಗುವಾಗ ಪೆಟ್ಟಿಗೆಯಲ್ಲಿ ಏನನ್ನು ತಂದಿರೆಂದು ನಾವು ಕೇಳುವುದಿಲ್ಲ. ಹಿಂದಿನ ಬೆಂಚಿನಲ್ಲಿ ಕುಳಿತವಳಿಗಾಗಿ ಏನನ್ನು ತಂದಿರೆಂದು ಕೇಳುವೆವು.