ಕಪ್ಪುಹಲಗೆಯ ಮೇಲಿನ ದಾರಿ

ನನ್ನ ಬಳಿ ಪ್ರೌಢಶಾಲೆಯಲ್ಲಿ ವಿಜ್ಞಾನ ಓದಿದವರಿಗೆ ರಕ್ತಪರಿಚಲನೆಯ ಚಿತ್ರ ನೆನಪಿರಬಹುದು. ಕಾಲಿನ ಅಭಿಧಮನಿಗಳಿಂದ ಮೇಲೇರಿದ ರಕ್ತ ಬಲ ಹೃತ್ಕರ್ಣಕ್ಕೆ, ಅಲ್ಲಿಂದ ಬಲ ಹೃತ್ಕುಕ್ಷಿಗೆ, ಮುಂದೆ ಶ್ವಾಸಕೋಶಕ್ಕೆ. ನೀಲಿ ಸೀಮೆಸುಣ್ಣದಲ್ಲಿ ಈ ದಾರಿಯನ್ನು ಪ್ರತಿವರ್ಷವೂ ಬರೆಯುತ್ತಿದ್ದೆ. ತಪ್ಪಿದವರಿಂದ ಹತ್ತು ಸಲ ಬರೆಯಿಸುತ್ತಿದ್ದೆ. ಅದೇ ದಾರಿ ನಮ್ಮ ಮನೆಯಲ್ಲೇ ಎದುರಾದಾಗ ನಾನು ಗುರುತಿಸದೆ ಹೋದೆನೆಂಬುದನ್ನು ಇಂದು ಒಪ್ಪಿಕೊಳ್ಳಬೇಕಾಗಿದೆ.

2023ರ ಮಳೆಗಾಲದಲ್ಲಿ ಹಾರನಹಳ್ಳಿಯ ಮನೆಯ ಹಿತ್ತಿಲಿನಲ್ಲಿ ಅಕ್ಕ ಜಾರಿಬಿದ್ದು ಬಲತೊಡೆಯ ಮೂಳೆ ಮುರಿದುಕೊಂಡಳು. ಹಾಸನದಲ್ಲಿ ಶಸ್ತ್ರಚಿಕಿತ್ಸೆಯಾಯಿತು. ಮನೆಗೆ ಬಂದ ಮೇಲೆ ನೋವಿಗೆ ಹೆದರಿ ಹಾಸಿಗೆ ಬಿಟ್ಟೇಳಲಿಲ್ಲ. ಹನ್ನೆರಡನೆಯ ದಿನ ಬೆಳಿಗ್ಗೆ ಇದ್ದಕ್ಕಿದ್ದಂತೆ, “ಯಾಕೋ ಉಸಿರೇ ಸಾಲ್ತಿಲ್ಲ ಕಣೋ” ಎಂದಳು. ಜ್ವರವಿರಲಿಲ್ಲ, ಕೆಮ್ಮಿರಲಿಲ್ಲ. “ನಿಶ್ಶಕ್ತಿ ಕಣಕ್ಕ, ಅಲುಗಾಡದೆ ಮಲಗಿರು” ಎಂದೆ.

ನರ್ಸ್ ಆಗಿರುವ ಅಕ್ಕನ ಮೊಮ್ಮಗಳು ಫೋನಿನಲ್ಲಿ ಕೇಳಿದ್ದು ಎರಡೇ ಪ್ರಶ್ನೆ: “ತಾತ, ಒಂದು ಕಾಲು ಮಾತ್ರ ಊದಿದೆಯಾ? ನಾಡಿ ಎಷ್ಟಿದೆ?” ಶಸ್ತ್ರಚಿಕಿತ್ಸೆಯಾಗದ ಎಡಗಾಲಿನ ಮೀನಖಂಡ ಊದಿಕೊಂಡಿತ್ತು. ನಾಡಿ ನಿಮಿಷಕ್ಕೆ 120ನ್ನು ದಾಟಿತ್ತು. “ಈಗಲೇ 108ಕ್ಕೆ ಫೋನ್ ಮಾಡಿ” ಎಂದಳು.

ವೈದ್ಯರು ನಂತರ ಬಿಡಿಸಿ ಹೇಳಿದರು. ಶಸ್ತ್ರಚಿಕಿತ್ಸೆಯ ಬಳಿಕ ಉಸಿರು ಕಟ್ಟಲು ನ್ಯುಮೋನಿಯಾ, ಹೃದಯದ ತೊಂದರೆ, ಶ್ವಾಸಕೋಶದ ತಳಭಾಗ ಕುಗ್ಗುವುದು, ಹೀಗೆ ಕಾರಣಗಳು ಹಲವು. ಆದರೆ ಬಹುಕಾಲ ಅಲುಗದ ಕಾಲಿನಲ್ಲಿ ರಕ್ತ ಹೆಪ್ಪುಗಟ್ಟಿ, ಆ ಹೆಪ್ಪು ಕಳಚಿ ಶ್ವಾಸಕೋಶದ ಅಪಧಮನಿಯನ್ನು ಮುಚ್ಚುವ ಸಾಧ್ಯತೆಯನ್ನು ಮರೆಯಬಾರದು. ಎಕ್ಸ್‌ರೇಯಲ್ಲಿ ಅದು ಕಾಣದಿರಬಹುದು. ಡಿ-ಡೈಮರ್ ಎಂಬ ರಕ್ತಪರೀಕ್ಷೆಯೂ ಇಲ್ಲಿ ಹೆಚ್ಚು ನೆರವಾಗದು. ಶಸ್ತ್ರಚಿಕಿತ್ಸೆಯಿಂದಲೇ ಅದರ ಪ್ರಮಾಣ ಏರಿರುತ್ತದೆ. ರಕ್ತನಾಳಕ್ಕೆ ದ್ರಾವಣ ಹಾಯಿಸಿ ತೆಗೆದ ಸಿ.ಟಿ. ಸ್ಕ್ಯಾನ್‌ನಲ್ಲಿ ಅಕ್ಕನ ಹೆಪ್ಪು ಸ್ಪಷ್ಟವಾಗಿ ಕಂಡಿತು. ಒಡನೆಯೇ ಹೆಪಾರಿನ್ ಕೊಟ್ಟರು. ಅನಂತರ ಕೆಲವು ತಿಂಗಳು ಮಾತ್ರೆ.

ಈ ಸಂಬಂಧವನ್ನು 1840ರ ದಶಕದಲ್ಲಿಯೇ ತೋರಿಸಿಕೊಟ್ಟವರು ಜರ್ಮನಿಯ ರುಡಾಲ್ಫ್ ವಿರ್ಚೋ. ಜೀವಕೋಶದ ಪಾಠದಲ್ಲಿ ಅವರ ಹೆಸರನ್ನು ಎಷ್ಟು ಸಲ ಹೇಳಿಲ್ಲ! ಆದರೂ ಅಂದು, ಏಳಿಸಿ ನಡೆಸಬೇಕಿದ್ದ ದಿನಗಳನ್ನೆಲ್ಲ ಕಳೆದು, ಆಸ್ಪತ್ರೆಗೆ ಒಯ್ಯಬೇಕಿದ್ದ ಗಳಿಗೆಯಲ್ಲಿಯೂ ನನ್ನ ಬಾಯಿಂದ ಬಂದದ್ದು “ಮಲಗಿರು” ಎಂಬ ಮಾತೇ.

ಅಕ್ಕ ಈಗ ಕೋಲೂರಿಕೊಂಡು ಲಕ್ಷ್ಮೀನರಸಿಂಹ ದೇವಾಲಯದವರೆಗೆ ಹೋಗಿಬರುತ್ತಾಳೆ. ನಾನೂ ಜೊತೆಗಿರುತ್ತೇನೆ. ನಿಮ್ಮಲ್ಲಿ ಯಾರ ಮನೆಯಲ್ಲಾದರೂ ಶಸ್ತ್ರಚಿಕಿತ್ಸೆಯಾದವರು ಹಠಾತ್ತನೆ ಉಸಿರಿಗೆ ಕಷ್ಟಪಟ್ಟರೆ, ಅದನ್ನು ನಿಶ್ಶಕ್ತಿಯೆಂದು ನೀವೇ ತೀರ್ಮಾನಿಸದಿರಿ. ತಡಮಾಡದೆ ವೈದ್ಯರಿಗೆ ತೋರಿಸಿರಿ. ನಿಮ್ಮ ಮೇಷ್ಟ್ರು ತಪ್ಪಿದ ಪಾಠವಿದು, ನೀವು ತಪ್ಪದಿರಿ.