ಕಾರ್ಮೆಲ್ ಬೆಟ್ಟದ ಹದಿನೈದು ಕುದುರೆ

ಮೊದಲ ಮಹಾಯುದ್ಧ. 1918ರ ಸೆಪ್ಟೆಂಬರ್ 23, ಬೆಳಗ್ಗೆ ಹತ್ತು ಗಂಟೆ. ಪ್ಯಾಲೆಸ್ಟೈನಿನ ಬಲದ್ ಅಲ್ ಶೇಖ್ ಎಂಬ ಹಳ್ಳಿ. ನೀವು ಕುದುರೆ ಮೇಲಿದ್ದೀರಿ. ಕೈಯಲ್ಲಿ ಭರ್ಜಿ, ಬಾಯಲ್ಲೆಲ್ಲ ದೂಳು. ಎಡಗಡೆ ಕಾರ್ಮೆಲ್ ಬೆಟ್ಟ ಕಡಿದಾಗಿ ಎದ್ದಿದೆ. ಬಲಗಡೆ ಕಿಶೋನ್ ಹೊಳೆ, ಅದರ ದಡವೆಲ್ಲ ಜೌಗು. ನಡುವೆ ಉಳಿದದ್ದು ಒಂದು ರಸ್ತೆ, ಒಂದು ರೈಲು ಹಳಿ. ನಮ್ಮ ಮದಲಿಂಗನ ಕಣಿವೆಯ ಒಂದು ಮಗ್ಗುಲಿನ ಗುಡ್ಡ ತೆಗೆದು, ಅಲ್ಲಿ ಹುದುಲು ತುಂಬಿದರೆ ಹೇಗಿದ್ದೀತೋ ಹಾಗಿದೆ. ಆ ಇಕ್ಕಟ್ಟಿನ ಆಚೆ ತುದಿಗೆ ಹೈಫಾ ಪಟ್ಟಣ, ಬಂದರು, ಸಮುದ್ರ.

ಊರು ಖಾಲಿಯಾಗಿದೆ ಎಂಬ ಸುದ್ದಿ ನಂಬಿ ನಿನ್ನೆ ಹೊರಟಿದ್ದ ಕವಚದ ಕಾರುಗಳು ಗುಂಡಿನೇಟು ತಿಂದು ಹಿಂದಿರುಗಿವೆ. ಊರು ಖಾಲಿಯಾಗಿಲ್ಲ. ಬೆಟ್ಟದ ಮೇಲೆ ಶತ್ರುಗಳಾದ ತುರ್ಕರ ಫಿರಂಗಿ, ತಪ್ಪಲಲ್ಲಿ ಮೆಷಿನ್‌ಗನ್. ಈಗ ಅದನ್ನು ಗೆಲ್ಲಬೇಕಾದವರು 15ನೇ ಇಂಪೀರಿಯಲ್ ಸರ್ವಿಸ್ ಕ್ಯಾವಲ್ರಿ ಬ್ರಿಗೇಡಿನವರು, ಅಂದರೆ ನಮ್ಮ ದೇಶೀ ಸಂಸ್ಥಾನಗಳ ಸವಾರರು. ನಿಮ್ಮ ಪಡೆ ಮೈಸೂರು ಲ್ಯಾನ್ಸರ್ಸ್. ನಾಲ್ವಡಿ ಕೃಷ್ಣರಾಜ ಒಡೆಯರ ಈ ಸವಾರರು ಬೆಂಗಳೂರು ಬಿಟ್ಟದ್ದು 1914ರಲ್ಲಿ. ಸೂಯೆಜ್ ಕಾಲುವೆಯ ಮರಳು ತುಳಿದು ಇಲ್ಲಿಗೆ ಬರುವಷ್ಟರಲ್ಲಿ ನಾಲ್ಕು ವರ್ಷ ಸಂದಿದೆ. ಪಕ್ಕದಲ್ಲಿ ಜೋಧಪುರ ಲ್ಯಾನ್ಸರ್ಸ್. ಹೈದರಾಬಾದಿನವರೂ ಇದೇ ಬ್ರಿಗೇಡಿನವರೇ, ಆದರೆ ಇವತ್ತು ಅವರು ಸೆರೆಯಾಳುಗಳ ಕಾವಲಿಗೆ ಹೋಗಿದ್ದಾರೆ.

ಬ್ರಿಗೇಡಿಯರ್ ಜನರಲ್ ಹಾರ್ಬರ್ಡ್ ಪಡೆಯನ್ನು ಹಂಚುತ್ತಾರೆ. ಮೈಸೂರಿನ ಒಂದು ತುಕಡಿ ಕಾರ್ಮೆಲ್ ಹತ್ತಿ ಮೇಲಿನ ಫಿರಂಗಿ ಹಿಡಿಯಬೇಕು. ಮೈಸೂರಿನದೇ ಇನ್ನೆರಡು ತುಕಡಿ ಪೂರ್ವದಿಂದ ಬಳಸಿ ಹೋಗಬೇಕು. ಜೋಧಪುರದವರು ಕಣಿವೆಯಲ್ಲಿ ನೇರ ನುಗ್ಗಬೇಕು, ಮೈಸೂರಿನ ಉಳಿದವರು ಬೆನ್ನಿಗೆ ಹೋಗಬೇಕು. ನೀವು ಯಾರ ಜೊತೆ ಹೋಗುತ್ತೀರಿ? ನೂರು ವರ್ಷ ದಾಟಿದರೂ ಮುಗಿಯದ ಜಗಳದ ಬೇರು ಈ ಪ್ರಶ್ನೆಯಲ್ಲೇ ಇದೆ. ಬೆಟ್ಟ ಹತ್ತಿದವನು ಕಂಡ ಯುದ್ಧ ಒಂದು, ಕಣಿವೆಗೆ ನುಗ್ಗಿದವನು ಕಂಡದ್ದು ಇನ್ನೊಂದು.

ಮೊದಲು ಬೆಟ್ಟ ಹತ್ತೋಣ. ದಾರಿ ಅನ್ನುವುದು ಹೆಸರಿಗೆ ಮಾತ್ರ. ಕುದುರೆ ಪ್ರತಿ ಹೆಜ್ಜೆಗೂ ಕಲ್ಲು ಜಾರಿಸುತ್ತದೆ, ಅದರ ಕುತ್ತಿಗೆಯ ಬೆವರು ನಿಮ್ಮ ಮೊಣಕಾಲಿಗೆ ಅಂಟುತ್ತದೆ. ಇಷ್ಟು ದಿನದ ಓಟಕ್ಕೆ ಸೋತ ಕುದುರೆಗಳು ಒಂದೊಂದಾಗಿ ಹಿಂದೆ ಬೀಳುತ್ತವೆ. ಕೆಲವರು ಇಳಿದು, ಬಂಡೆ ಮರೆಯಿಂದ ಫಿರಂಗಿಯ ಕಡೆಗೆ ಗುಂಡು ಹಾರಿಸಲು ನಿಲ್ಲುತ್ತಾರೆ. ಬ್ರಿಟಿಷರ ಶೆರ್ವುಡ್ ರೇಂಜರ್ಸ್‌ನ ತುಕಡಿಯೊಂದು ನೆರವಿಗೆ ಹತ್ತಿ ಬರುತ್ತದೆ. ಮೈಸೂರಿನವರಲ್ಲಿ ನುಗ್ಗಲು ಕುದುರೆ ಮೇಲೆ ಉಳಿದವರು ಹದಿನೈದೇ ಜನ. ಮಧ್ಯಾಹ್ನ ಎರಡು ಗಂಟೆ. ಆ ಹದಿನೈದು ಜನ ಭರ್ಜಿ ತಗ್ಗಿಸಿ, ಫಿರಂಗಿಯ ಬಾಯಿಗೇ ಕುದುರೆ ಬಿಡುತ್ತಾರೆ. ನೌಕಾಪಡೆಯ ದೊಡ್ಡ ಫಿರಂಗಿ ಕೈಗೆ ಬರುತ್ತದೆ. 78 ಜನ ಸೆರೆ ಸಿಗುತ್ತಾರೆ.

ಈಗ ಕೆಳಗೆ ಬನ್ನಿ. ಗಂಟೆ ಅದೇ ಎರಡು. ಜೋಧಪುರದವರು ರೈಲು ಹಳಿ ದಾಟಿ ಹೊಳೆಯ ಕಡೆ ಕುದುರೆ ಓಡಿಸಿಕೊಂಡು ಹೋಗುತ್ತಿದ್ದಾರೆ. ದಡ ನೋಡಲು ಮುಂದೆ ಹೋದ ಇಬ್ಬರು ಸವಾರರು ಕುದುರೆ ಸಮೇತ ಹುದುಲಿನೊಳಗೆ ಇಳಿದೇ ಹೋಗುತ್ತಾರೆ. ಹೊಳೆ ದಾಟುವಂತಿಲ್ಲ, ನಿಲ್ಲುವಂತಿಲ್ಲ. ಗುಂಡಿನ ಮಳೆಯಲ್ಲೇ ಇಡೀ ಪಡೆ ಎಡಕ್ಕೆ ತಿರುಗಿ ತಪ್ಪಲಿನ ಮೆಷಿನ್‌ಗನ್ನುಗಳ ಮೇಲೆ ಬೀಳುತ್ತದೆ. ಜೋಧಪುರದವರ ನಾಯಕ ಮೇಜರ್ ದಲಪತ್ ಸಿಂಗ್ ಗುಂಡು ತಿಂದು ಬೀಳುತ್ತಾರೆ, ಆ ಗಾಯ ಅವರನ್ನು ಉಳಿಸುವುದಿಲ್ಲ. ಗುಂಡು ತಗುಲಿದ ಕುದುರೆಗಳೂ ಓಟ ನಿಲ್ಲಿಸುತ್ತಿಲ್ಲ. ಅವುಗಳಲ್ಲಿ ಎಷ್ಟೋ ಗುರಿ ಮುಟ್ಟಿದ ಮೇಲೆ ಪ್ರಾಣ ಬಿಡುತ್ತವೆ. ಕಣಿವೆ ತೆರೆಯುತ್ತದೆ. ಜೋಧಪುರದವರ ಹಿಂದೆಯೇ ಮೈಸೂರಿನವರು ಹೈಫಾದ ಬೀದಿಗಳಿಗೆ ನುಗ್ಗುತ್ತಾರೆ.

ಸಂಜೆಯ ಲೆಕ್ಕ ಹೀಗಿದೆ: 1,350 ಸೆರೆಯಾಳುಗಳು, 17 ಫಿರಂಗಿ, 11 ಮೆಷಿನ್‌ಗನ್. ನಮ್ಮ ಕಡೆ ಸತ್ತವರು 8 ಜನ, ಗಾಯಗೊಂಡವರು 34. ಸತ್ತ ಕುದುರೆ 60. ಭರ್ಜಿ ಕತ್ತಿ ಹಿಡಿದ ಸವಾರರು ಮೆಷಿನ್‌ಗನ್ ಕಾವಲಿದ್ದ ಊರೊಂದನ್ನು ಒಂದೇ ಮಧ್ಯಾಹ್ನದಲ್ಲಿ ಗೆದ್ದಿದ್ದರು.

ಮಾರನೆಯ ದಿನದಿಂದ ಇನ್ನೊಂದು ಲೆಕ್ಕ ಶುರುವಾಯಿತು. ಜೋಧಪುರದಲ್ಲಿ ದಲಪತ್ ಸಿಂಗ್ ‘ಹೈಫಾದ ವೀರ’ರಾದರು. 2017ರ ಜುಲೈನಲ್ಲಿ ನಮ್ಮ ಪ್ರಧಾನಿ ಹೈಫಾಕ್ಕೆ ಹೋದಾಗ ಅನಾವರಣವಾದ ಫಲಕವೂ ಅವರ ಹೆಸರಿನದೇ. ಬೆಂಗಳೂರಿನಲ್ಲಿ ಮಾತ್ರ ಹೈಫಾ ಗೆದ್ದವರು ಮೈಸೂರಿನವರು, ಹೆಸರು ಹೊತ್ತವರು ಬೇರೆಯವರು ಎಂಬ ನೋವು ಉಳಿಯಿತು. ದೆಹಲಿಯ ತೀನ್ ಮೂರ್ತಿಯಲ್ಲಿ 1922ರಿಂದ ಮೂವರು ಸವಾರರು ಸಮ ಎತ್ತರದಲ್ಲಿ ನಿಂತಿದ್ದಾರೆ: ಜೋಧಪುರ, ಮೈಸೂರು, ಹೈದರಾಬಾದ್. 2018ರಲ್ಲಿ ಆ ವೃತ್ತದ ಹೆಸರಿಗೆ ‘ಹೈಫಾ’ ಸೇರಿತು. ಆ ಮಧ್ಯಾಹ್ನ ಕಣಿವೆಯಲ್ಲಿ ಇಲ್ಲದವರಿಗೂ ಅಲ್ಲಿ ಜಾಗ ಸಿಕ್ಕಿದೆ, ಸಿಗಲೇಬೇಕು. ಸೆರೆಯಾಳುಗಳನ್ನು ಯಾರೋ ಕಾಯದಿದ್ದರೆ ಉಳಿದಿಬ್ಬರು ನಿಶ್ಚಿಂತೆಯಿಂದ ಮುಂದೆ ಹೋಗುವಂತಿರಲಿಲ್ಲ.

ನಮ್ಮ ಶೆಟ್ಟಿಕೆರೆ ಸೀಮೆಯವರಿಗೆ ಇದು ಬೇಗ ಅರ್ಥವಾಗಬೇಕು. ಕಾಯಿ ಕೆಡವಿದವನೊಬ್ಬ, ಹೊತ್ತು ಅಟ್ಟಕ್ಕೆ ತುಂಬಿದವನೊಬ್ಬ. ವರ್ಷ ಸಮೀಪಿಸಿದ ಮೇಲೆ ಇಳಿಸಿ ಸುಲಿದವನೊಬ್ಬ, ಕರಟ ಒಡೆದು ಉಂಡೆ ಕೊಬ್ಬರಿಯನ್ನು ಮುರಿಯದಂತೆ ತೆಗೆದ ಕೈ ಇನ್ನೊಂದು. ತಿಪಟೂರು ಮಾರುಕಟ್ಟೆಯಲ್ಲಿ ಪಟ್ಟಿ ಬರೆಯುವಾಗ ಮಾತ್ರ ಒಂದೇ ಹೆಸರು. ಪಟ್ಟಿ ಸುಳ್ಳಲ್ಲ. ಆದರೆ ಕೊಬ್ಬರಿ ಆದದ್ದು ಹೇಗೆಂದು ಪಟ್ಟಿ ನೋಡಿ ತಿಳಿಯುವುದಿಲ್ಲ. ಯುದ್ಧದ ವರದಿಯೂ ಅಂಥದ್ದೇ ಪಟ್ಟಿ. ಮುಂದೆ ನುಗ್ಗಿ ಬಿದ್ದ ನಾಯಕನ ಹೆಸರಿಗೆ ಕಥೆ ಕಟ್ಟಿಕೊಳ್ಳುತ್ತದೆ. ಬೆಟ್ಟದ ಮೇಲಿನ ಹದಿನೈದು ಜನ ಬರೀ ಎಣಿಕೆಯಾಗಿ ಉಳಿಯುತ್ತಾರೆ.

ಮೈಸೂರಿನವರಿಗೆ ಸಲ್ಲಬೇಕಾದದ್ದು ಸಲ್ಲಲೇಬೇಕು ಎನ್ನುವವರಲ್ಲಿ ನಾನೂ ಒಬ್ಬ. ಮೇಲಿನ ಫಿರಂಗಿಗೆ ಕೆಳಗಿನ ದಾರಿ ಅಂಗೈ ಗೆರೆಯಷ್ಟು ಸ್ಪಷ್ಟವಿತ್ತು, ಆ ಬಾಯಿ ಕಟ್ಟಿದವರು ಅವರು. ಬೆಂಗಳೂರಿನ ಜೆ.ಸಿ. ನಗರದಲ್ಲಿ ಅವರ ಸ್ಮಾರಕ ಸ್ತಂಭವಿದೆ. ಅದರ ಮುಂದೆ ಹಾದುಹೋಗುವ ಎಲ್ಲರಿಗೂ ಕಾರ್ಮೆಲ್‌ನ ಕಥೆ ಗೊತ್ತಿರಬೇಕು, ನಮ್ಮ ಮಕ್ಕಳ ಪಾಠದಲ್ಲಿ ಅದು ಬರಬೇಕು. ಆದರೆ ಅದನ್ನು ಜೋಧಪುರದವರಿಂದ ಕಿತ್ತುಕೊಂಡು ತರಬೇಕಾಗಿಲ್ಲ. ಕಣಿವೆ ತೆರೆದವರು ಅವರೇ.

ಕೊನೆಗೊಮ್ಮೆ ಕಿಶೋನ್ ದಡದಲ್ಲಿ ನಿಲ್ಲಿ. ಬತ್ತುವ ಕೆರೆಯ ಹೂಳಿಗೆ ದನ ಇಳಿದರೆ ಏನಾಗುತ್ತದೆಂದು ಬಲ್ಲವರು ನಾವು. ಒದ್ದಾಡಿದಷ್ಟೂ ಆಳ. ಆ ಇಬ್ಬರು ಸವಾರರು ಅಲ್ಲೇ ಹೂತುಹೋದರು. ಈ ದಾರಿ ಸಲ್ಲದು ಎಂದು ಹಿಂದಿದ್ದವರಿಗೆ ತಿಳಿದದ್ದು ಅವರಿಂದ. ಪಡೆ ಎಡಕ್ಕೆ ತಿರುಗಿ, ಹೈಫಾ ಸಿಕ್ಕಿದ್ದು ಆಮೇಲೆ. ಗೆಲುವು ಯಾರದು ಎಂದು ಎಣಿಸಲು ಕೂತಾಗ ನಾನು ಆ ಇಬ್ಬರಿಂದ ಎಣಿಕೆ ಶುರುಮಾಡುತ್ತೇನೆ. ಅವರು ಜೋಧಪುರದವರು.